ಉದ್ದ ತಂತಿಯ ಕ್ಲಿಪ್ಪು

ಗೆರೆಯ ಮೇಲೆ ಮುಳ್ಳೆದ್ದ ದಿನ ಆ ಮನೆಯಲ್ಲಿ ಯಾರಿಗೂ ಊಟ ರುಚಿಸುತ್ತಿರಲಿಲ್ಲ.

ಮುಂದಿನ ಕೋಣೆಯೇ ಅವರ ಕಾರ್ಖಾನೆ. ಆಸ್ಪತ್ರೆಯ ಯಂತ್ರಗಳಿಗೆ ಕರೆಂಟು ಒದಗಿಸುವ ಪುಟ್ಟ ಬೋರ್ಡುಗಳು ಅಲ್ಲಿ ತಯಾರಾಗುತ್ತಿದ್ದವು. ಬೋರ್ಡಿನ ಚಿಪ್ ಕಣ್ಣು ಮಿಟುಕಿಸುವಷ್ಟರಲ್ಲಿ ಸಾವಿರಾರು ಸಲ ಕರೆಂಟನ್ನು ಹಚ್ಚಿ ಆರಿಸುತ್ತದೆ. ಹಾಗೆ ಹಚ್ಚಿ ಆರಿಸುವ ಗದ್ದಲವೆಲ್ಲ, ಕರೆಂಟಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಸ್ಕೋಪಿನ ಪರದೆಯಲ್ಲಿ, ನೆಟ್ಟಗಿರಬೇಕಾದ ಹಸಿರು ಗೆರೆಯ ಮೇಲೆ ಮುಳ್ಳುಮುಳ್ಳಾಗಿ ಏಳುತ್ತದೆ. ಆ ಮುಳ್ಳನ್ನು ನುಂಗುವ ಕೆಪಾಸಿಟರನ್ನು ಆರಿಸಿ ತಕ್ಕ ಜಾಗದಲ್ಲಿ ಕೂರಿಸುವುದೇ ಆ ಮನೆಯ ವಿದ್ಯೆ.

ಮಾವನ ಕಣ್ಣಿಗೆ ಪೊರೆ ಬಂತು. ಪರದೆಯೇನೋ ಕಾಣುತ್ತಿತ್ತು, ಸಣ್ಣ ಬೆಸುಗೆ ಕಾಣದಾಯಿತು. ಅವರು ಸೊಸೆಯರಿಬ್ಬರನ್ನೂ ಕರೆದರು.

"ಎದೆಬಡಿತ ತೋರಿಸೋ ಯಂತ್ರಕ್ಕೆ ಬೋರ್ಡು ಕೇಳಿದಾರೆ. ಇಬ್ಬರೂ ಒಂದೊಂದು ಮಾಡಿ. ಯಾರ ಗೆರೆ ನೆಟ್ಟಗಿರುತ್ತೋ ಅವರು ನನ್ನ ಕುರ್ಚೀಲಿ ಕೂತ್ಕೊಳ್ಳಿ. ಇನ್ನೊಬ್ಬರು ಹಿಂದಿನ ಕೋಣೆಗೆ."

ಹಿಂದಿನ ಕೋಣೆಗೆ ಕಿಟಕಿಯಿಲ್ಲ. ಅಲ್ಲಿ ಥರ್ಮೊಕೋಲು ಕೊಯ್ದು ಬೋರ್ಡುಗಳನ್ನು ಡಬ್ಬಕ್ಕೆ ತುಂಬಬೇಕು. ಅದರ ಪುಡಿ ಮೂಗಿನಲ್ಲಿ, ಗಂಟಲಿನಲ್ಲಿ, ಕನಸಿನಲ್ಲಿ. ದೊಡ್ಡ ಸೊಸೆ ಮದುವೆಯಾಗಿ ಬಂದಂದಿನಿಂದ ಅಲ್ಲಿ ಕೆಮ್ಮಿ ಕೆಮ್ಮಿ ಸವೆದು, ಈಚೆಗಷ್ಟೇ ಸ್ಕೋಪಿನ ಮುಂದೆ ಬಂದು ಕೂತಿದ್ದಳು. ಮತ್ತೆ ಆ ಬಾಗಿಲು ದಾಟಲಾರೆ ಎಂದು ಅವಳು ಆ ಕ್ಷಣವೇ ತೀರ್ಮಾನಿಸಿಬಿಟ್ಟಳು.

ಚಿಕ್ಕವಳನ್ನು ಎಲ್ಲರೂ ಕಡ್ಡಿ ಎನ್ನುತ್ತಿದ್ದರು, ಆಳು ಹಾಗಿದ್ದಳು. ತವರಿನಲ್ಲಿ ತಂದೆ ಓದುತ್ತಿದ್ದ ಪದ್ಯಗಳನ್ನು ಕೇಳುತ್ತಾ ಬೆಳೆದವಳು, ಬೆಸುಗೆ ಹಾಕುವಾಗಲೂ ಅದೇ ಗುನುಗು. ಅವಳ ಬೋರ್ಡಿನಲ್ಲಿ ದಪ್ಪ ಡಬ್ಬಿಯಂಥ ಕೆಪಾಸಿಟರು ಒಂದೇ ಒಂದು. ಅದರ ಜೊತೆಗೆ ಎಳ್ಳುಕಾಳಿನಂಥದ್ದೊಂದನ್ನು ಚಿಪ್ಪಿನ ಕಾಲಿಗೇ ಒತ್ತಿ ಕೂರಿಸಿದ್ದಳು.

"ದಪ್ಪಂದು ದೊಡ್ಡ ಏರಿಳಿತ ಹಿಡ್ಕೊಳ್ಳುತ್ತೆ ಅಕ್ಕ. ಚುರುಕು ಮುಳ್ಳು ಅದರ ಕೈಗೆ ಸಿಗಲ್ಲ, ಅದಕ್ಕೆ ಚಿಕ್ಕದೇ ಬೇಕು, ಅದೂ ಪಕ್ಕದಲ್ಲೇ. ಪದ್ಯ ಓದೋರು ಮಧ್ಯೆ ಉಸಿರು ತಗೊಂಡಿದ್ದು ಕೇಳಿಸಬಾರದಲ್ಲ, ಹಾಗೆ."

"ಆಹಾ, ಪಂಡಿತೆ!" ಎಂದು ದೊಡ್ಡವಳು ನಕ್ಕಳು.

ಕಡ್ಡಿ ಕೈ ತೊಳೆಯಲು ಹೋದಾಗ ದೊಡ್ಡವಳು ಒಬ್ಬಳೇ ಆ ಬೋರ್ಡನ್ನು ಅಳೆದು ನೋಡಿದಳು. ಗೆರೆ ಸೂತ್ರ ಹಿಡಿದ ಹಾಗಿತ್ತು.

ಬೋರ್ಡಿಗೆ ತಾಗಿಸಿ ಅಳೆಯುವ ಸ್ಕೋಪಿನ ಪ್ರೋಬಿಗೆ ಒಂದು ಮೂತಿ, ಬೋರ್ಡಿನ ಗ್ರೌಂಡಿಗೆ ಕಚ್ಚಿಸಲು ಒಂದು ಕ್ಲಿಪ್ಪಿನ ತಂತಿ. ಆ ತಂತಿ ಗೇಣುದ್ದವಿದ್ದರೆ ಸುತ್ತಲಿನ ಗದ್ದಲವನ್ನೆಲ್ಲ ಬಾಚಿ ತಂದು ಪರದೆಗೆ ಸುರಿಯುತ್ತದೆ. ಬೋರ್ಡು ಎಷ್ಟೇ ಶುದ್ಧವಿರಲಿ, ಮುಳ್ಳೇ ಮುಳ್ಳು. ತಂತಿ ಕಳಚಿ ಬೆರಳ ಗೆಣ್ಣಿನಷ್ಟೂ ಇಲ್ಲದ ಸ್ಪ್ರಿಂಗು ಹಾಕಿದರೆ ಮಾತ್ರ ನಿಜ ಕಾಣುತ್ತದೆ. ಇದನ್ನು ಮಾವ ಸ್ಕೋಪಿಗೆ ಕೂತವಳಿಗೆ ಮಾತ್ರ ಕಲಿಸಿದ್ದರು. ಈಗ ಆ ಸ್ಪ್ರಿಂಗು ಅವರ ಕಣ್ಣಿಗೆ ಬೀಳುವಂತಿರಲಿಲ್ಲ.

ದೊಡ್ಡವಳು ಸ್ಪ್ರಿಂಗು ಕಿತ್ತು ಮುಷ್ಟಿಯಲ್ಲಿಟ್ಟುಕೊಂಡು ಉದ್ದ ತಂತಿ ಸಿಕ್ಕಿಸಿದಳು.

"ಬಾರೇ ಕಡ್ಡಿ, ನಿನ್ನ ಜಾಲಿಪೊದೆ ನೋಡು ಬಾ."

ಕಡ್ಡಿ ಪರದೆಯ ಹತ್ತಿರಕ್ಕೆ ಬಗ್ಗಿದಳು. "ಚಿಪ್ಪಿನ ಕಾಲಿಗೇ ಅಂಟಿಸಿದ್ದೀನಲ್ಲ ಅಕ್ಕ?"

"ಸಾಲದು ಅನ್ಸುತ್ತೆ. ಇನ್ನೊಂದು ಡಬ್ಬಿ ಹಾಕು. ನಿನ್ನ ಒಳ್ಳೇದಕ್ಕೇ ಹೇಳ್ತಿರೋದು."

ಹಾಕಿದಳು. ದೊಡ್ಡವಳು ತಂತಿಯನ್ನು ಬೆರಳಲ್ಲಿ ತುಸು ಮಡಿಸಿ ಹಿಡಿದಳು. ಮುಳ್ಳು ತುಸು ತಗ್ಗಿತು. "ನೋಡ್ದಾ, ಇಳೀತಾ ಇದೆ! ಇನ್ನೊಂದು ಹಾಕು." ಮರುದಿನ ತಂತಿ ಸಡಿಲ ಬಿಟ್ಟಳು, ಮುಳ್ಳು ಮತ್ತೆ ಎದ್ದಿತು. ಕಡ್ಡಿಯ ಬೆರಳ ತುದಿಗಳಲ್ಲಿ ಬೊಬ್ಬೆ ಬಂದವು. ಗುನುಗು ಪ್ರಾರ್ಥನೆಯಾಯಿತು.

"ಪದ್ಯ ಹೇಳಿದ್ರೆ ಮುಳ್ಳು ಉದುರುತ್ತೇನೇ, ಹುಚ್ಚಿ?" ಎಂದು ಅವಳ ತಲೆ ಸವರಿದಳು ದೊಡ್ಡವಳು. ಅಷ್ಟರಲ್ಲಿ ದೊಡ್ಡವಳ ಬೋರ್ಡಿನಲ್ಲಿ ಕಡ್ಡಿ ಮೊದಲು ಆರಿಸಿದ್ದ ಕೆಪಾಸಿಟರುಗಳೇ, ಅದೇ ಜಾಗದಲ್ಲಿ ಬಂದು ಕೂತಾಗಿತ್ತು.

ಪರೀಕ್ಷೆಯ ಬೆಳಿಗ್ಗೆ ಅವಳೇ ಕಡ್ಡಿಯ ಕಿವಿಯಲ್ಲಿ ಉಸುರಿದಳು. "ಇನ್ನೆರಡು ಡಬ್ಬಿ ತುರುಕಿಬಿಡು. ಹಚ್ಚಿ ನೋಡೋಕೆ ಹೊತ್ತಿಲ್ಲ, ಮಾವನ ಮುಂದೇನೇ ಹಚ್ಚೋಣ."

ತನ್ನ ಬೋರ್ಡನ್ನು ದೊಡ್ಡವಳು ಪ್ರೋಬಿಗೆ ಸ್ಪ್ರಿಂಗು ಸಿಕ್ಕಿಸಿಯೇ ಅಳೆದಳು. ಆ ಗೆರೆಯನ್ನು ಮಾವ ಪರದೆಗೆ ಮೂಗು ತಾಗಿಸಿ ನೋಡಿ, "ಭೇಷ್" ಎಂದರು.

ದೊಡ್ಡವಳು ಸ್ಪ್ರಿಂಗು ಕಿತ್ತು ಮುಷ್ಟಿಗೆ ಸೇರಿಸಿ ಮತ್ತೆ ಉದ್ದ ತಂತಿ ಸಿಕ್ಕಿಸಿದಳು. ಕಡ್ಡಿಯ ಬೋರ್ಡು ಟಿಕ್ ಎಂದಿತು. ಸುಮ್ಮನಾಯಿತು. ಮತ್ತೆ ಟಿಕ್. ಅಷ್ಟೊಂದು ಖಾಲಿ ಡಬ್ಬಿಗಳನ್ನು ಒಮ್ಮೆಲೇ ತುಂಬಲಾರದೆ ಚಿಪ್ ಹೆದರಿ ತನ್ನನ್ನು ತಾನೇ ಆರಿಸಿಕೊಳ್ಳುತ್ತಿತ್ತು. ಹೀಗಾಗುತ್ತದೆಂದು ದೊಡ್ಡವಳಿಗೆ ಗೊತ್ತಿತ್ತು.

"ಏನಮ್ಮ, ನಿನ್ನ ಬೋರ್ಡಿಗೆ ಬಿಕ್ಕಳಿಕೆ ಬಂದಿದೆಯಲ್ಲ! ನೀರು ಕುಡಿಸು!" ಎಂದರು ಮಾವ. ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಕಡ್ಡಿಯ ಗಂಡ.

ಕಡ್ಡಿ ಅಳಲಿಲ್ಲ. ಎಲ್ಲರೂ ಎದ್ದು ಹೋದ ಮೇಲೆ ದೊಡ್ಡವಳ ಬೋರ್ಡನ್ನು ಕೈಗೆತ್ತಿಕೊಂಡು ಬಹಳ ಹೊತ್ತು ನೋಡಿದಳು.

"ಅಕ್ಕ, ಇದು ನಾನು ಮೊದಲು ಹಾಕಿದ್ದ ಹಾಗೇ ಇದೆಯಲ್ಲ?"

ದೊಡ್ಡವಳು ಮುಷ್ಟಿ ಬಿಗಿದಳು. ಸ್ಪ್ರಿಂಗು ಅಂಗೈಯಲ್ಲಿ ಬೆಚ್ಚಗಿತ್ತು. ನಿಜ ಹೇಳಲು ಆಗಲೂ ಹೊತ್ತಿತ್ತು.

"ಹೌದು ಕಣೇ, ನಿನ್ನದೇ. ಆರಿಸಿದ್ದು ಸರಿಯಾಗೇ ಇತ್ತು," ಎಂದಳು ಮೆಲ್ಲಗೆ. "ನಿನ್ನ ಕೈಯೇ ಸರಿ ಇಲ್ಲ. ಬೆಸುಗೆ ನಿನಗೆ ಒಲಿದಿಲ್ಲ, ಏನ್ ಮಾಡೋದು."

ಕಡ್ಡಿ ಬೊಬ್ಬೆಯೆದ್ದ ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ನಂಬಿದಳು. "ನೀವಾದ್ರೂ ಹೇಳಿದ್ರಲ್ಲ ಅಕ್ಕ," ಎಂದು ಹಿಂದಿನ ಕೋಣೆಗೆ ನಡೆದಳು.

ಸ್ವಲ್ಪ ಹೊತ್ತಿಗೆ ಅಲ್ಲಿಂದ ಪದ್ಯದ ಗುನುಗು ಕೇಳಿಸಿತು, ಅದರ ಹಿಂದೆ ಥರ್ಮೊಕೋಲು ಕೊಯ್ಯುವ ಕಿರ್ರೆಂಬ ಸದ್ದು. ಪದ್ಯ ಸಾಲಿನ ನಡುವೆ ತುಂಡಾಯಿತು, ಕೆಮ್ಮು ಬಂತು. ದೊಡ್ಡವಳು ಎದ್ದು ಹೋಗಿ ಆ ಬಾಗಿಲನ್ನು ಗಟ್ಟಿಯಾಗಿ ಎಳೆದು, ಕುರ್ಚಿಗೆ ಮರಳಿ, ಪ್ರೋಬಿಗೆ ಸ್ಪ್ರಿಂಗು ಸಿಕ್ಕಿಸಿದಳು.