ರೆಕ್ಕೆಯಡಿಯ ಕಲೆ

ನಮ್ಮ ಮನೆಯಲ್ಲಿ ಊಟದ ಮೇಜು ಇದೆ, ಆದರೆ ಅದರ ಮೇಲೆ ಊಟ ಮಾಡಿ ಐದು ತಿಂಗಳಾಗಿತ್ತು. ಅಲ್ಲಿ ಒಂದು ಯುದ್ಧವಿಮಾನ ಕೂತಿತ್ತು. ನಿಜವಾದದ್ದರ ಮೂವತ್ತೆರಡನೇ ಒಂದು ಪಾಲು, ಮೊಳದುದ್ದ. ನಾನು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, "ಇದೊಂದು ಹಾರಿಹೋದ್ರೆ ನನ್ನ ಮೇಜು ನನಗೆ ಸಿಗುತ್ತೆ" ಎಂದು ಗೊಣಗುತ್ತಿದ್ದೆ. ನಮ್ಮ ಯಜಮಾನರು ಭೂತಕನ್ನಡಿಯಿಂದ ತಲೆ ಎತ್ತುತ್ತಿರಲಿಲ್ಲ.

ಅವರು ವಾಯುಪಡೆಯಲ್ಲಿ ಮೆಕ್ಯಾನಿಕ್ ಆಗಿದ್ದವರು. ನಿವೃತ್ತಿಯಾದ ಮೇಲೆ ಈ ಪುಟ್ಟ ವಿಮಾನ ಕಟ್ಟುವ ಹುಚ್ಚು ಹತ್ತಿತು. ಹಿಂದೆ ಮಾಡಿದ ಹತ್ತು ವಿಮಾನಗಳೂ ತಮ್ಮ ಖುಷಿಗೆ ಕಟ್ಟಿದ್ದು. ಇದೊಂದನ್ನು ಮಾತ್ರ ಬೇರೆಯವರು ಕೇಳಿ ಮಾಡಿಸಿದ್ದು. ಹತ್ತೊಂಬತ್ತು ವರ್ಷದ ಹಿಂದೆ ಇವರು ನೋಡಿಕೊಳ್ಳುತ್ತಿದ್ದ ವಿಮಾನವೊಂದು ಮೇಲೇರಿದ ಇಪ್ಪತ್ತು ನಿಮಿಷಕ್ಕೆ ಬಿದ್ದು, ಅದರ ಪೈಲಟ್ ತೀರಿಕೊಂಡಿದ್ದ. ಇಪ್ಪತ್ತಾರು ವರ್ಷದ ಹುಡುಗ. ತೀರಾ ಕೆಳಗೆ ಹಾರಿಸಿ, ದುಡುಕಿ ತಿರುಗಿಸಲು ಹೋಗಿ ಅವನೇ ಬೀಳಿಸಿಕೊಂಡ ಎಂದು ವಿಚಾರಣೆಯ ವರದಿ ಬಂತು. ಐದು ತಿಂಗಳ ಹಿಂದೆ ಅವನ ಅಕ್ಕ, ಶಾಲೆಯಲ್ಲಿ ಪಾಠ ಹೇಳುವಾಕೆ, ನಮ್ಮನ್ನು ಹುಡುಕಿಕೊಂಡು ಬಂದು, "ಅದೇ ವಿಮಾನ ಮಾಡಿಕೊಡಿ ಸರ್. ಅವತ್ತು ಬೆಳಿಗ್ಗೆ ಹೇಗಿತ್ತೋ ಹಾಗೇ ಇರಲಿ. ನಮ್ಮಮ್ಮನಿಗೆ" ಎಂದಿದ್ದರು.

ಅವತ್ತಿನಿಂದ ಇವರಿಗೆ ಅದೇ ಧ್ಯಾನ. ಪೈಲಟ್ ಸೀಟಿನ ಬೆಲ್ಟುಗಳಿಗೆ ಚಾಕಲೇಟಿನ ಬೆಳ್ಳಿ ಕಾಗದ ಬೇಕಾಯಿತು. ಸಕ್ಕರೆ ಕಾಯಿಲೆಯ ನಾನು ಆ ಪುಣ್ಯದ ಕೆಲಸಕ್ಕೆ ಎರಡು ಚಾಕಲೇಟು ತಿಂದೆ. ಬಾಲದ ನಂಬರಿನ ಸ್ಟಿಕ್ಕರನ್ನು ನೀರಲ್ಲಿ ನೆನೆಸಿ ಚಿಮುಟದಿಂದ ಎತ್ತಿ ಅಂಟಿಸುವಾಗ ಫ್ಯಾನು ಬಂದ್, ಮಾತು ಬಂದ್. ಕೊನೆಗೆ ಕೊಳೆ ಮಾಡುವ ಕೆಲಸ. ಹೊಸ ಬಣ್ಣದ ವಿಮಾನ ಆಟದ ಸಾಮಾನಿನ ಹಾಗೆ ಕಾಣುತ್ತದಂತೆ, ಮಸಿ ಮೆತ್ತಿದರೇ ಜೀವ ಬರುವುದಂತೆ. ಬೆಂಕಿ ಉಗುಳುವ ಬಾಲದ ಕೊಳವೆಗೆ ಕಪ್ಪು ಹಿಡಿಸಿದರು, ಬೂಟುಗಾಲು ಇಡುವ ಕಡೆ ಬಣ್ಣ ಸವೆಸಿದರು.

ಆಮೇಲೆ ವಿಮಾನವನ್ನು ಸ್ಪಂಜಿನ ಮೇಲೆ ಬೋರಲು ಮಲಗಿಸಿ, ಎಡ ರೆಕ್ಕೆಯ ಬುಡದಲ್ಲಿ ಒಂದು ಚುಕ್ಕೆ ಕೆಂಪು ಇಟ್ಟು, ಬಣ್ಣ ಕರಗಿಸುವ ಥಿನ್ನರಿನಲ್ಲಿ ಅದ್ದಿದ ಕುಂಚದಿಂದ ಬಾಲದ ಕಡೆಗೆ ಎಳೆದರು. ಉಗುರುದ್ದದ ಕಲೆ. ಬಹಳ ಹೊತ್ತು ನೋಡಿ ಒರೆಸಿಬಿಟ್ಟರು. ಮಾರನೇ ದಿನವೂ ಹಾಗೇ. ಮೂರನೇ ದಿನ ನನಗೆ ತಡೆಯಲಾಗಲಿಲ್ಲ.

"ಏನ್ರೀ ಇದು, ಬರೆಯೋದು ಅಳಿಸೋದು? ಒಂದನೇ ಕ್ಲಾಸಿನ ಸ್ಲೇಟಾ?"

ಅವರು ಕುಂಚ ಕೆಳಗಿಟ್ಟರು. "ಇದು ಅವತ್ತು ಇತ್ತು ಕಣೇ."

"ಏನು ಇತ್ತು?"

"ಎಣ್ಣೆ. ದೊಡ್ಡ ಅಧಿಕಾರಿ ಬರೋರಿದ್ರು, ವಿಮಾನ ಎಲ್ಲಾ ಲಕಲಕ ಅನ್ಬೇಕು ಅಂತ ಹುಕುಂ. ನೋಡಿದ್ರೆ ರೆಕ್ಕೆ ಕೆಳಗೆ ಕೆಂಪೆಣ್ಣೆ ಹರಿದಿತ್ತು. ಹಳೇದಿರ್ಬೇಕು ಅಂತ ಒರೆಸಿದೆ. ಒರೆಸೋದು ತಪ್ಪಲ್ಲ. ಒರೆಸಿ, ಪಂಪ್ ಓಡಿಸಿ, ಮತ್ತೆ ಬರುತ್ತಾ ಅಂತ ನೋಡ್ಬೇಕು. ಅಷ್ಟರಲ್ಲಿ ಸಾಲಾಗಿ ನಿಲ್ಲೋಕೆ ಸೀಟಿ ಊದಿದ್ರು. ನಾನು ನೋಡ್ಲಿಲ್ಲ. ವಿಮಾನ ಸರಿ ಇದೆ ಅಂತ ಸಹಿ ಹಾಕಿ ಓಡಿದೆ."

ಆ ಎಣ್ಣೆ ಸೋರಿಹೋದರೆ ಪೈಲಟ್ ಹಿಡಿಯನ್ನು ಎಷ್ಟು ಎಳೆದರೂ ವಿಮಾನ ಮಾತು ಕೇಳುವುದಿಲ್ಲವಂತೆ. ಅದನ್ನು ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ.

"ವಿಚಾರಣೇಲಿ ಕೇಳಲಿಲ್ವಾ?"

"ಕೇಳಿದ್ರು. ಎಲ್ಲಾ ಸರಿ ಇತ್ತು ಅಂದೆ."

ಹತ್ತೊಂಬತ್ತು ವರ್ಷ ಈ ಮನುಷ್ಯನಿಗೆ ಅನ್ನ ಬಡಿಸಿದ್ದೇನೆ, ಒಂದು ದಿನವೂ ಬಾಯಿ ಬಿಟ್ಟಿರಲಿಲ್ಲ. ಮೊದಲು ಸಿಟ್ಟು ಬಂತು, ಅದರ ಬೆನ್ನಿಗೇ ಭಯ. "ಈಗ ಹೇಳಿದ್ರೆ ಆ ಹುಡುಗ ಎದ್ದು ಬರ್ತಾನಾ? ಈ ವಯಸ್ಸಲ್ಲಿ ಕೋರ್ಟು ಕಚೇರಿ ಅಲೀತೀರಾ? ಸುಮ್ಮನೆ ಕೊಟ್ಟು ಕಳಿಸಿ."

"ಹೇಳೋಕೆ ನನಗೆ ಬಾಯೇ ಬರಲ್ಲ. ಅದಕ್ಕೇ ಬರೀತಿದೀನಿ. ಭಾನುವಾರ ಅವನಕ್ಕ ಬಂದಾಗ ತಿರುಗಿಸಿ ನೋಡಿ ಇದೇನು ಅಂತ ಕೇಳಿದ್ರೆ, ಆಗ ಹೇಳ್ತೀನಿ."

ಕಲೆಯನ್ನು ಅವರು ಇನ್ನೊಮ್ಮೆ ಎಳೆದರು. ಈ ಸಲ ಒರೆಸಲಿಲ್ಲ.

ಭಾನುವಾರ ಆಕೆ ಬರುವುದಕ್ಕೆ ಮುಂಚೆ ಇವರು ಸ್ನಾನಕ್ಕೆ ಹೋದರು. ನಾನು ಬಟ್ಟೆಯ ತುದಿಗೆ ಥಿನ್ನರ್ ಹಚ್ಚಿಕೊಂಡು ಆ ಕೆಂಪನ್ನು ಒರೆಸಿಬಿಟ್ಟೆ. ಒಂದೇ ಸಲಕ್ಕೆ ಹೋಯಿತು. ಅಷ್ಟು ಸುಲಭ ಎಂದು ನನಗೆ ಗೊತ್ತಿರಲಿಲ್ಲ. ಬಟ್ಟೆಯನ್ನು ಕಸದ ಬುಟ್ಟಿಯ ತಳಕ್ಕೆ ತುರುಕಿ ಕೈ ತೊಳೆದುಕೊಂಡೆ.

ಪೈಲಟ್‌ನ ಅಕ್ಕ ಬಂದು ಮೇಜಿನ ಮುಂದೆ ನಿಂತರು. ಬಾಲದ ನಂಬರನ್ನು ಬೆರಳ ತುದಿಯಿಂದ ಮುಟ್ಟಿದರು.

"ನಮ್ಮಪ್ಪ ಹೋದ ವರ್ಷ ತೀರ್ಕೊಂಡ್ರು ಸರ್. ಕೊನೇವರೆಗೂ ತಮ್ಮನ ಹೆಸರು ಎತ್ತೋಕೆ ಬಿಡಲಿಲ್ಲ. ಶೋಕಿ ಮಾಡೋಕೆ ಹೋಗಿ ಸತ್ತ ಅಂತಿದ್ರು. ಅಮ್ಮ ಒಬ್ಬರೇ, ನನ್ನ ಮಗ ಹಾಗೆ ಮಾಡೋನಲ್ಲ ಅಂತ ಇವತ್ತಿಗೂ ಹಟ ಹಿಡಿದಿದಾರೆ."

ಇವರು ಮೇಜಿನ ಹತ್ತಿರ ಬಂದರು. "ಒಂದ್ಸಲ ಕೆಳಗಡೆ ತಿರುಗಿಸಿ ನೋಡಿ" ಎಂದರು.

ಆಕೆ ಹುಷಾರಾಗಿ ತಿರುಗಿಸಿದರು. "ಎಷ್ಟು ಚೊಕ್ಕವಾಗಿದೆ!"

ಇವರು ಆ ಬರಿಯ ಬೂದು ಬಣ್ಣವನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಾನು ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನನಗೆ ಬೇಕಾಗಿದ್ದೂ ಅದೇ. ಆದರೆ ಆ ತಾಯಿಯ ಹಟದ ಸುದ್ದಿ ಕೇಳಿದ ಮೇಲೆ ನನಗೆ ನನ್ನ ಮೇಲೇ ಹೇಸಿಗೆ ಹುಟ್ಟಿತ್ತು.

"ಅಲ್ಲೊಂದು ಕಲೆ ಇತ್ತಮ್ಮ," ಎಂದೆ. "ಇವರು ಬರೆದಿದ್ರು. ಈಗ ಒಂದು ಗಂಟೆ ಮುಂಚೆ ನಾನು ಒರೆಸಿದೆ."

"ಯಾಕೆ? ಏನು ಕಲೆ?"

ಆಗ ಇವರು ಹೇಳಿದರು. ನಿಂತೇ ಹೇಳಿದರು, ಒಂದಕ್ಷರ ಬಿಡಲಿಲ್ಲ. ಆಕೆ ವಿಮಾನವನ್ನು ಕೈಯಲ್ಲಿ ಹಿಡಿದೇ ಕೇಳಿಸಿಕೊಂಡರು. ಬೈಯುತ್ತಾರೆ, ಅಳುತ್ತಾರೆ ಎಂದುಕೊಂಡಿದ್ದೆ.

"ಹೋದ ವರ್ಷ ಹೇಳಿದ್ದಿದ್ರೆ ನಮ್ಮಪ್ಪನೂ ಕೇಳಿಸ್ಕೊಂಡಿರ್ತಿದ್ರು" ಎಂದರು, ಅಷ್ಟೇ. ವಿಮಾನವನ್ನು ಮೇಜಿನ ಮೇಲಿಟ್ಟರು. "ಇದು ನನಗೆ ಬೇಡ. ಚಪ್ಪಲಿ ಹಾಕ್ಕೊಳ್ಳಿ. ಅಮ್ಮನಿಗೆ ನೀವೇ ಹೇಳಿ."

ನಾನೂ ಹೊರಟೆ. ಮೂವರೂ ಬಸ್ಸು ಹತ್ತಿದೆವು.

ಎರಡನೇ ಮಹಡಿಯ ಸಣ್ಣ ಮನೆ. ಆ ತಾಯಿ ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತಿದ್ದರು. ಇವರು ಎದುರಿಗೆ ನೆಲದ ಮೇಲೆ ಕೂತು, ತಗ್ಗಿದ ದನಿಯಲ್ಲಿ ಶುರುಮಾಡಿದರು. ತಾಯಿ ಕಿವಿಯ ಹಿಂದೆ ಕೈ ಹಿಡಿದು ಮುಂದೆ ಬಾಗಿದರು.

"ಅಮ್ಮನಿಗೆ ಕಿವಿ ಮಂದ" ಎಂದರು ಮಗಳು. "ಜೋರಾಗಿ ಹೇಳ್ಬೇಕು."

ಇವರು ಮತ್ತೆ ಮೊದಲಿಂದ ಹೇಳಿದರು, ದನಿ ಏರಿಸಿ. ಎಣ್ಣೆ, ಬಟ್ಟೆ, ಸೀಟಿ, ಸಹಿ. ಕೊನೆಗೆ ಗಂಟಲು ಬಿರಿಯುವ ಹಾಗೆ ಕೂಗಿದರು: "ಅವನ ತಪ್ಪಲ್ಲಮ್ಮ! ನನ್ನ ತಪ್ಪು!" ಎದುರು ಮನೆಯ ಬಾಗಿಲು ತೆರೆದು ಯಾರೋ ಇಣುಕಿದರು. ಮಗಳು ಎದ್ದುಹೋಗಿ ತಮ್ಮ ಮನೆಯ ಬಾಗಿಲನ್ನು ಮುಚ್ಚಲಿಲ್ಲ, ಇನ್ನಷ್ಟು ತೆರೆದರು.

ತಾಯಿ ಕಿವಿಯಿಂದ ಕೈ ತೆಗೆದರು.

"ಕೇಳಿಸ್ತು" ಎಂದರು. "ಇನ್ನೊಂದ್ಸಲ ಹೇಳಪ್ಪ."