ಕೂಡಿಕೊಂಡ ಮೂಳೆ

ಆಸ್ಪತ್ರೆಯ ಪ್ಲಾಸ್ಟರ್ ಕೋಣೆಯಲ್ಲಿ ಮೂವತ್ತಾರು ವರ್ಷ ದುಡಿದ ಅವನನ್ನು ದೊಡ್ಡ ಡಾಕ್ಟರಿಂದ ಹಿಡಿದು ನೆಲ ಒರೆಸುವವಳವರೆಗೆ ಎಲ್ಲರೂ ಪ್ಲಾಸ್ಟರಣ್ಣ ಎಂದೇ ಕರೆಯುತ್ತಿದ್ದರು. ನಿವೃತ್ತನಾದ ಮೇಲೂ ಬೀದಿಯಲ್ಲಿ ಯಾರಾದರೂ ಎದುರಾದರೆ ಅವನ ಕಣ್ಣು ಮುಖ ನೋಡುತ್ತಿರಲಿಲ್ಲ, ನೇರ ಕಾಲಿಗೆ ಹೋಗುತ್ತಿತ್ತು. "ಇವನ ಎಡಗಾಲು ನಾನೇ ಕಟ್ಟಿದ್ದು. ಹೇಗೆ ನಡೀತಾನೆ ನೋಡು, ಮದುಮಗನ ಹಾಗೆ!" ಎಂದು ಮಗಳಿಗೆ ತೋರಿಸುತ್ತಿದ್ದ.

ಮಗಳದೂ ಮೂಳೆಯ ಕೆಲಸವೇ. ಆದರೆ ಅವಳ ರೋಗಿಗಳು ಸತ್ತು ಕೋಟಿಗಟ್ಟಲೆ ವರ್ಷವಾಗಿತ್ತು. ಮ್ಯೂಸಿಯಂನ ಹಿಂಬದಿಯ ಕೋಣೆಯಲ್ಲಿ ಕೂತು, ಪೆನ್ನಿನಷ್ಟು ಸಣ್ಣ ಉಳಿಯಿಂದ ಕಲ್ಲು ಕೆರೆದು ಪಳೆಯುಳಿಕೆಗಳನ್ನು ಬಿಡಿಸುವುದು ಅವಳ ಕಸುಬು. ಒಂದು ಹಲ್ಲಿಗೆ ಒಂದು ವಾರ ಹಿಡಿಯುತ್ತಿತ್ತು.

"ನನ್ನ ಹತ್ರ ಬಂದವರು ಆರು ವಾರಕ್ಕೆ ಎದ್ದು ಓಡ್ತಿದ್ರು. ನಿನ್ನವರು ಎದ್ದೇಳ್ತಾರೇನೇ, ಪುಟ್ಟಿ?"

"ಎದ್ರೆ ಮೊದಲು ಓಡೋದು ನಾನೇ, ಅಪ್ಪ."

ಒಂದು ಬೆಳಿಗ್ಗೆ ಅವಳು ಊರಾಚೆಯ ಕಲ್ಲುಗಣಿಯಿಂದ ಫೋನ್ ಮಾಡಿದಳು. ಗಣಿಯ ಗೋಡೆಯಲ್ಲಿ ಭಾರೀ ಪ್ರಾಣಿಯೊಂದರ ಮುಂಗಾಲು ಕಾಣಿಸಿಕೊಂಡಿತ್ತು. ಆನೆಗಿಂತ ದೊಡ್ಡದು, ಸೊಪ್ಪು ತಿಂದು ಬದುಕಿದ್ದು. ಅಂಥ ಮೂಳೆಗಳನ್ನು ಸುತ್ತಲಿನ ಕಲ್ಲಿನ ಸಮೇತ ಬಿಡಿಸಿ, ಒದ್ದೆ ಕಾಗದ ಹೊದಿಸಿ, ಗೋಣಿಪಟ್ಟಿ ಮತ್ತು ಪ್ಲಾಸ್ಟರ್ ಸುತ್ತಿ ಸಾಗಿಸುತ್ತಾರೆ. ಎರಡು ಸಲ ಸುತ್ತಿದ್ದೂ ಬಿರುಕು ಬಿಟ್ಟಿತ್ತು. ಮೂರನೆಯ ದಿನಕ್ಕೆ ಗಣಿಯವರು ಮತ್ತೆ ಸಿಡಿಮದ್ದು ಇಡುವವರಿದ್ದರು.

"ಅಪ್ಪ, ಪ್ಲಾಸ್ಟರ್ ನಿಲ್ತಾನೇ ಇಲ್ಲ. ಬರ್ತೀಯಾ?"

ಅವನು ಹಳೆಯ ಚೀಲ ಹೆಗಲಿಗೇರಿಸಿಕೊಂಡು ಬಂದ. ಬಂದವನೇ ಬಕೆಟ್ಟಿನಲ್ಲಿ ಕೈ ಅದ್ದಿದ.

"ಯಾರು ನೀರು ಕಾಯಿಸಿದ್ದು?"

"ಯಾರೂ ಕಾಯಿಸಿಲ್ಲ, ಬಿಸಿಲಲ್ಲಿತ್ತು ಅಷ್ಟೆ" ಎಂದಳು ತಂಡದ ಮುಖ್ಯಸ್ಥೆ. ಎಲ್ಲರೂ ಅವಳನ್ನು ಮೇಡಂ ಎನ್ನುತ್ತಿದ್ದರು.

"ಬಿಸಿನೀರು ಕಂಡ್ರೆ ಪ್ಲಾಸ್ಟರ್ ಅವಸರ ಪಡುತ್ತೆ, ಮೇಡಂ. ನೆರಳಿಗಿಡಿಸಿ. ಗೋಣಿನೂ ಮೊದಲು ನೆನೆಸಿ, ಇಲ್ಲಾಂದ್ರೆ ಪ್ಲಾಸ್ಟರಿನ ನೀರನ್ನೆಲ್ಲ ಅದೇ ಕುಡಿದುಬಿಡುತ್ತೆ."

ಉದ್ದಕ್ಕೆ ಎರಡು ಮರದ ಪಟ್ಟಿ ಕೊಟ್ಟು, ಪದರದ ಮೇಲೆ ಪದರ ಸುತ್ತುತ್ತ ಹೋದ. ಬಾಯಿ ಅಭ್ಯಾಸಬಲದಿಂದ ಗೊಣಗುತ್ತಿತ್ತು: "ಆಯ್ತು, ಆಯ್ತು... ಇನ್ನೊಂಚೂರು ತಡ್ಕೋ." ಯಾರೂ ನಗಲಿಲ್ಲ. ಒಣಗಿದ ಮೇಲೆ ಬೆರಳಗಂಟಿನಿಂದ ತಟ್ಟಿ, ಸದ್ದು ಕೇಳಿ, ತಲೆಯಾಡಿಸಿದ. ಎಂಟು ಜನ ಸೇರಿ ಹೊರಳಿಸಿದರು. ಕೂದಲೆಳೆಯಷ್ಟೂ ಬಿರುಕಿಲ್ಲ.

ಮ್ಯೂಸಿಯಂನಲ್ಲಿ ಆ ಪ್ಲಾಸ್ಟರನ್ನು ಕೊಯ್ದು ತೆಗೆದವನೂ ಅವನೇ. ಆಮೇಲೆ ಮಗಳು ಕಲ್ಲು ಬಿಡಿಸಲು ಕೂತಳು. ಕಾಫಿ ಕುಡಿದು ಅವನೂ ಬಂದು ಪಕ್ಕದ ಸ್ಟೂಲಿನ ಮೇಲೆ ಕೂರುತ್ತಿದ್ದ. ಮೊದಲ ವಾರ ತಮಾಷೆ ಮಾಡಿದ. ಎರಡನೆಯ ವಾರದಿಂದ ಮಾತು ಕಡಿಮೆಯಾಯಿತು.

ಐದನೆಯ ವಾರ, ಮುಂಗಾಲಿನ ತೋಳ ಮೂಳೆಯ ನಡುವೆ ಒಂದು ಉಬ್ಬು ಕಂಡಿತು. ಅಂಟಿಕೊಂಡ ಕಲ್ಲೆಂದುಕೊಂಡು ಮಗಳು ಉಳಿ ಇಟ್ಟಳು.

"ಏಯ್, ನಿಲ್ಸೇ!"

ಅವನು ಕನ್ನಡಕ ತೆಗೆದಿಟ್ಟು, ಕಣ್ಣು ಮುಚ್ಚಿ, ಆ ಉಬ್ಬಿನ ಮೇಲೆ ಹೆಬ್ಬೆರಳು ಆಡಿಸಿದ. ಗೋಡೆ ಹಾರಿ ಬಿದ್ದ ಮಕ್ಕಳ ಕೈ, ಮೆಟ್ಟಿಲು ಜಾರಿದ ಮುದುಕಿಯರ ಕೈ, ಸೈಕಲ್ಲಿನಿಂದ ಬಿದ್ದವರ ಕೈ: ಸಾವಿರಾರು ಕೈಗಳಲ್ಲಿ ಆ ಹೆಬ್ಬೆರಳು ಈ ಗಂಟನ್ನು ಮುಟ್ಟಿ ನೋಡಿತ್ತು.

"ಇದು ಕಲ್ಲಲ್ಲ ಕಣೇ" ಎಂದ. ದನಿ ತಗ್ಗಿತ್ತು. "ಮುರಿದು ಕೂಡಿಕೊಂಡಿರೋದು. ಓರೆಯಾಗಿ ಮುರಿದಿದೆ, ಚೂರು ಜರುಗಿ ಕೂಡಿದೆ. ಪಾಪ, ಹಿಡ್ಕೊಳ್ಳೋರು ಯಾರೂ ಇರಲಿಲ್ವಲ್ಲ."

ಮೇಡಂ ಮೂಳೆಯನ್ನು ಸ್ಕ್ಯಾನ್ ಮಾಡಿಸಿದಳು. ಚಿತ್ರದಲ್ಲಿ, ಮೂಳೆಯ ಒಳಗೆ, ಹಳೆಯ ಮುರಿತದ ಗೆರೆ ಮಸುಕಾಗಿ ಓರೆಯಾಗಿ ಹಾದಿತ್ತು.

"ನೀವು ಹೇಳಿದ್ದೇ ಸರಿ. ಮುರಿದ ಮೇಲೆ ಎಷ್ಟು ದಿನ ಬದುಕಿದ್ದಿರಬಹುದು?"

"ದಿನದ ಮಾತಲ್ಲಮ್ಮ, ವರ್ಷಗಳು. ಗಂಟು ಕರಗಿ ನುಣುಪಾಗಿದೆ. ಕುಂಟ್ಕೊಂಡೇ ಮೇಯ್ದಿದೆ." ಮೂಳೆಯನ್ನು ಮತ್ತೊಮ್ಮೆ ಸವರುತ್ತ ಕೇಳಿದ: "ಎಷ್ಟು ಹಳೇದು ಅಂದ್ರಿ?"

"ಹದಿನೈದು ಕೋಟಿ ವರ್ಷ."

ಮಗಳ ಬಾಯಲ್ಲಿ ನೂರು ಸಲ ಕೇಳಿದ ಲೆಕ್ಕ ಅದು. ಒಂದು ಕಿವಿಯಲ್ಲಿ ಹೊಕ್ಕು ಇನ್ನೊಂದರಲ್ಲಿ ಹೋಗಿತ್ತು. ಇವತ್ತು ಹೋಗಲಿಲ್ಲ. ಅವನು ಸ್ಟೂಲನ್ನು ಮೂಳೆಯ ಹತ್ತಿರಕ್ಕೆ ಎಳೆದುಕೊಂಡು ಕೂತ.

"ನಾವಿಲ್ಲ. ಡಾಕ್ಟರಿಲ್ಲ. ಒಂದು ಚಿಂದಿ ಬಟ್ಟೆ ಕೂಡ ಇಲ್ಲ. ಆಗಲೂ ಮೂಳೆಗೆ ಕೂಡೋದು ಗೊತ್ತಿತ್ತೇನೇ, ಪುಟ್ಟಿ? ಇದೇ ಥರ? ಇದೇ ಗಂಟು?"

"ಹೂಂ, ಅಪ್ಪ."

"ನಾನು ಕೂಡಿಸಿದೆ, ನಾನು ಕೂಡಿಸಿದೆ ಅಂತ ಜಂಬ ಕೊಚ್ಕೊಂಡು ತಿರುಗಿದೆನಲ್ಲೇ! ಅಲ್ಲಾಡದ ಹಾಗೆ ಹಿಡ್ಕೊಂಡಿದ್ದಷ್ಟೇ ನಾನು." ಅವನಿಗೆ ನಗುವೂ ಬಂತು, ಕಣ್ಣೂ ತುಂಬಿತು. ಅಪ್ಪನ ಕಣ್ಣಲ್ಲಿ ನೀರು ನೋಡಿರದ ಮಗಳು ಉಳಿ ಕೆಳಗಿಟ್ಟು ಅವನ ಭುಜ ಹಿಡಿದಳು.

"ಇದಕ್ಕೆ ಯಾರು ಕಲಿಸಿದ್ದು?" ಎಂದು ಅವನು ಕೇಳಿದ.

ಮೇಡಂ ಕಪಾಟಿನ ಕೆಳಗಿನ ಖಾನೆ ಎಳೆದು, ಮೊಳದುದ್ದದ ಮೀನಿನ ಪಳೆಯುಳಿಕೆಯೊಂದನ್ನು ಮೇಜಿನ ಮೇಲಿಟ್ಟಳು. "ಇಂಥವರಿಂದ ಬಂದ ಬಳುವಳಿ ಇರಬೇಕು. ಇದು ಆ ಮೂಳೆಗಿಂತಲೂ ಇಪ್ಪತ್ತಮೂರು ಕೋಟಿ ವರ್ಷ ಹಿಂದಿನದು. ಈಜುರೆಕ್ಕೆಯ ಬುಡ ನೋಡಿ."

ಅವನು ಬಗ್ಗಿದ. ಬುಡದಲ್ಲಿ ಒಂದು ಮೂಳೆ. ಅದಕ್ಕೆ ಹೊಂದಿಕೊಂಡು ಎರಡು. ಅದರಾಚೆ ಸಣ್ಣಸಣ್ಣವು. ಅಂಗಿಯ ತೋಳು ಮೇಲೆ ಸರಿಸಿ, ತನ್ನ ಕೈಯನ್ನು ಮೀನಿನ ಪಕ್ಕಕ್ಕೆ ಚಾಚಿ ಮುಟ್ಟುತ್ತ ಹೋದ: ಭುಜದಿಂದ ಮೊಣಕೈವರೆಗೆ ಒಂದು, ಅಲ್ಲಿಂದ ಮಣಿಕಟ್ಟಿನವರೆಗೆ ಎರಡು, ಆಮೇಲೆ ಸಣ್ಣವು.

"ಅಯ್ಯೋ ದೇವರೇ" ಎಂದ. "ನಮ್ಮ ಪೈಕಿನೇ!"

ಆ ಮುಂಗಾಲು ಈಗ ಮ್ಯೂಸಿಯಂನ ದೊಡ್ಡ ಕೋಣೆಯಲ್ಲಿದೆ. ಮುರಿತವನ್ನು ಮೊದಲು ಗುರುತಿಸಿದ್ದು ಯಾರೆಂದು ಮೇಡಂ ತನ್ನ ವರದಿಯಲ್ಲಿ ಬರೆದಿದ್ದಾಳೆ. ಪ್ಲಾಸ್ಟರಣ್ಣ ಅದನ್ನು ಓದಿಲ್ಲ, ಅವನಿಗೆ ಪುರುಸೊತ್ತಿಲ್ಲ. ಕಪಾಟುಗಳಲ್ಲಿ ಒಂಬತ್ತು ಸಾವಿರ ಮೂಳೆಗಳಿವೆ, ಖಾನೆಯ ನಂತರ ಖಾನೆ ತೆಗೆದು ಒಂದೊಂದನ್ನೂ ಹೆಬ್ಬೆರಳಿನಿಂದ ಸವರಿ ನೋಡುತ್ತಿದ್ದಾನೆ. ಮೊನ್ನೆ ಬೆಂಕಿಕಡ್ಡಿಯಷ್ಟು ತೆಳ್ಳಗಿನ ಪಕ್ಕೆಲುಬೊಂದರ ಮೇಲೆ ಅವನ ಬೆರಳು ನಿಂತಿತು.

"ಬರ್ಕೋ, ಪುಟ್ಟಿ" ಎಂದ. "ಇದೂ ಮುರ್ಕೊಂಡು ಬದುಕಿತ್ತು."