ಕೆಂಪು ದೀಪಕ್ಕೆ ಮೂರು ಸಿಗರೇಟು

ನೆವಿಲ್ ಬ್ಲೋರ್ ಎಂಜಲು ಕೈಯಲ್ಲಿ ಕಾಗೆ ಓಡಿಸದ ಮನುಷ್ಯ. ಮೂವತ್ತು ವರ್ಷ ಪಿಂಗಾಣಿ ಕಾರ್ಖಾನೆಯ ಭಟ್ಟಿಯ ಮುಂದೆ ಬೆಂದವನು, ಈಗ ನಿವೃತ್ತ. ಟನ್‌ಸ್ಟಾಲ್ ಊರಿನ ಪುಟ್ಟ ಮನೆಯಲ್ಲಿ ಅವನೂ ಹೆಂಡತಿ ಮಾರ್ಲೀನಳೂ ಇಬ್ಬರೇ. ಮೂರು ವರ್ಷದ ಹಿಂದೆ ಮಾರ್ಲೀನಳಿಗೆ ಉಬ್ಬಸ ಜೋರಾದಾಗ ಸಿಗರೇಟು ಬಿಟ್ಟು, ರಸ ಕಾಯಿಸಿ ಆವಿ ಎಳೆಯುವ ಬ್ಯಾಟರಿ ಕೊಳವೆ, ವೇಪು, ಹಿಡಿದಿದ್ದ. ನಲವತ್ತು ವರ್ಷದ ಚಟ. ಬಿಟ್ಟ ಮೇಲೆ ಒಂದು ದಮ್ಮೂ ಎಳೆದಿರಲಿಲ್ಲ. ತನ್ನ ಇಡೀ ಬದುಕಿನಲ್ಲಿ ಅವನೇ ಮೆಚ್ಚಿಕೊಂಡ ಕೆಲಸವೆಂದರೆ ಅದೊಂದೇ.

ಸಿಗರೇಟು ಬಿಟ್ಟಿತು, ಜಿಪುಣತನ ಬಿಡಬೇಕಲ್ಲ! ವೇಪಿಗೆ ತುಂಬುವ ರಸ ಅಂಗಡಿಯಲ್ಲಿ ದುಬಾರಿಯೆಂದು ಅಡುಗೆಮನೆಯಲ್ಲೇ ಸಿರಿಂಜು ಹಿಡಿದು ತಾನೇ ಬೆರೆಸುತ್ತಿದ್ದ. ರಸ ಕಾಯಿಸುವ ತಂತಿಸುರುಳಿ, ಕಾಯಿಲ್, ಸುಟ್ಟರೆ ಜನ ಎಸೆಯುತ್ತಾರೆ. ಇವನು ಬಿಸಿನೀರಲ್ಲಿ ನೆನೆಸಿ, ತೊಳೆದು, ಹೀಟರಿನ ಮೇಲೆ ಒಣಗಿಸಿ ಮತ್ತೆ ಹಾಕುತ್ತಿದ್ದ. ಬೆಳಗಿನ ಓಟ್ಸ್ ದೋಸೆಗೂ ಆ ರಸದ ಕಸ್ಟರ್ಡ್ ವಾಸನೆ ಹತ್ತಿತ್ತು.

“ಬಿಟ್ರೆ ನನ್ನೂ ತೊಳ್ದು ಒಣಗ್ಸಿ ಇನ್ನೊಂದು ಹತ್ತು ವರ್ಷ ಓಡಿಸ್ತೀಯ ನೀನು,” ಎನ್ನುತ್ತಿದ್ದಳು ಮಾರ್ಲೀನ್.

“ಓಡೋದಾದ್ರೆ ಬೇಡ ಅಂತೀಯಾ?” ಎನ್ನುತ್ತಿದ್ದ ನೆವಿಲ್. ಇಬ್ಬರೂ ನಗುತ್ತಿದ್ದರು. ನಕ್ಕರೆ ಅವಳಿಗೆ ಈಗ ಕೆಮ್ಮು ಬರುತ್ತಿರಲಿಲ್ಲ.

ಮಾರ್ಚಿನಲ್ಲಿ ವೇಪಿನ ಗುಂಡಿ ಕೆಟ್ಟಿತು. ರಬ್ಬರ್ ಬ್ಯಾಂಡ್ ಸುತ್ತಿ ಎರಡು ವಾರ ತಳ್ಳಿದ. ಆಮೇಲೆ ಅದು ಪೂರ್ತಿ ಕಣ್ಣು ಮುಚ್ಚಿತು. ಹೊಸದಕ್ಕೆ ಮೂವತ್ತೈದು ಪೌಂಡ್. ಅಂಗಡಿಯ ಗಾಜಿನ ಮುಂದೆ ನಿಂತು, ಬೆಲೆ ಓದಿ, ಉಗುಳು ನುಂಗಿ ಹೊರಟುಬಂದ. ಗ್ರಂಥಾಲಯದ ಬಾಗಿಲಲ್ಲಿ ಅಂಟಿಸಿದ್ದ ಪೋಸ್ಟರ್ ಕಂಡದ್ದು ಅವತ್ತೇ. ಸಿಗರೇಟು ಬಿಡಿಸುವ ಸರ್ಕಾರಿ ಕ್ಲಿನಿಕ್ಕಿನಲ್ಲಿ, ಸೇದುವವರಿಗೆ ಹೊಸ ವೇಪು, ಹನ್ನೆರಡು ವಾರದ ರಸ, ಎಲ್ಲ ಪುಕ್ಕಟೆ.

ಸೇದುವವರಿಗೆ. ಬಿಟ್ಟವರಿಗಲ್ಲ. ಇದು ಯಾವ ನ್ಯಾಯ ಎಂದು ನೆವಿಲನಿಗೆ ಉರಿಯಿತು. ಬಿಡದವನಿಗೆ ಬಹುಮಾನ, ಬಿಟ್ಟವನಿಗೆ ಚಿಪ್ಪು! ಸುಳ್ಳು ಹೇಳಿದರಾಯಿತು ಎನ್ನೋಣವೆಂದರೆ, ಅಲ್ಲಿ ಉಸಿರು ಊದಿಸಿ ನೋಡುವ ಯಂತ್ರವಿದೆ. ಮೂರು ವರ್ಷದ ಹಿಂದೆ ಟನ್‌ಸ್ಟಾಲ್ ಕ್ಲಿನಿಕ್ಕಿನಲ್ಲಿ ಗ್ಲೆನಿಸ್ ಎಂಬಾಕೆ ಅವನ ಕೈಲಿ ಪ್ರತಿ ವಾರ ಅದನ್ನೇ ಊದಿಸಿದ್ದಳು. ಸಿಗರೇಟಿನ ಹೊಗೆ ಒಳಗಿದ್ದರೆ ಕೆಂಪು ದೀಪ, ಇಲ್ಲದಿದ್ದರೆ ಹಸಿರು. ಮೊದಲ ಸಲ ಹಸಿರು ಬಂದ ದಿನ ಗ್ಲೆನಿಸ್ ಚಪ್ಪಾಳೆ ತಟ್ಟಿದ್ದಳು. ಇವನು ದುಡ್ಡು ಕೊಟ್ಟು ಕಾರ್ಡ್ ಕೊಂಡು ಬರೆದು ಕೊಟ್ಟಿದ್ದ. ನೆವಿಲ್ ಕಾರ್ಡ್ ಕೊಂಡದ್ದು ಅದೇ ಮೊದಲು, ಅದೇ ಕೊನೆ.

ಈ ಸಲ ಗುರುತಿನವರು ಬೇಡವೆಂದು ಬಸ್ಸು ಹತ್ತಿ ಲೀಕ್ ಊರಿನ ಕ್ಲಿನಿಕ್ಕಿಗೆ ಹೋದ. ಒಳಗೆ ಹೋಗುವ ಮುಂಚೆ ಒಂದು ಕೆಲಸ ಬಾಕಿಯಿತ್ತು. ಬಿಡಿ ಸಿಗರೇಟು ಯಾರೂ ಮಾರುವುದಿಲ್ಲ. ಬೇಡಿ ಪಡೆಯಲು ನಾಚಿಕೆ. ಹದಿನಾರು ಪೌಂಡ್ ಎಣಿಸಿ ಇಪ್ಪತ್ತರ ಪ್ಯಾಕೇ ಕೊಂಡ. ಮೂವತ್ತೈದರಲ್ಲಿ ಹದಿನಾರು ಹೋದರೂ ಲಾಭವೇ, ಮೇಲೆ ರಸ ಬೇರೆ. ಕ್ಲಿನಿಕ್ಕಿನ ಹಿಂದೆ ಕಸದ ಡಬ್ಬಿಗಳ ಮಧ್ಯೆ ನಿಂತು ಮೂರು ಸಿಗರೇಟು ಒಂದರ ಹಿಂದೊಂದು ಎಳೆದ. ಔಷಧಿ ಕುಡಿದ ಹಾಗೆ ಸೇದಿ ಮುಗಿಸಬೇಕೆಂದುಕೊಂಡಿದ್ದ. ಮೊದಲನೆಯದಕ್ಕೆ ತಲೆ ಸುತ್ತಿತು. ಮೂರನೆಯದು ರುಚಿಯಾಗಿತ್ತು. ಅದು ಅವನಿಗೆ ಹಿಡಿಸಲಿಲ್ಲ.

ಒಳಗೆ ಮೇಜಿನ ಹಿಂದೆ ಕೂತಿದ್ದವಳು ಗ್ಲೆನಿಸ್.

“ಅಯ್ಯೋ, ನೆವಿಲ್! ಬಾ ಡಕ್, ಬಾ!” ಆ ಸೀಮೆಯಲ್ಲಿ ಪಾದ್ರಿಗೂ ಡಕ್, ಬಸ್ ಡ್ರೈವರಿಗೂ ಡಕ್. “ನನ್ನ ಇಲ್ಲಿಗೆ ಹಾಕಿ ಆರು ತಿಂಗಳಾಯ್ತು. ನೋಡೋಕೆ ಬಂದ್ಯಾ?”

ಓಡಿಹೋಗಬಹುದಿತ್ತು. ಆದರೆ ಅವಳ ಬೆನ್ನ ಹಿಂದಿನ ಗೋಡೆಯಲ್ಲಿ ಅವನದೇ ಕಾರ್ಡು ಕಂಡು ಕಾಲು ಕದಲಲಿಲ್ಲ. ಅವನ ಅಂಕುಡೊಂಕು ಅಕ್ಷರ: ‘ನನ್ನ ಹೆಂಡತಿ ನಗ್ತಾಳೆ ಈಗ. ಥ್ಯಾಂಕ್ಸ್.’ ಅಷ್ಟರಲ್ಲಿ ಗ್ಲೆನಿಸಳ ಮೂಗಿಗೆ ಅವನ ಕೋಟಿನ ವಾಸನೆ ಬಡಿಯಿತು. ಅವಳ ನಗು ಮೆಲ್ಲಗೆ ಇಳಿಯಿತು. ಏನೂ ಕೇಳದೆ ಯಂತ್ರ ಮುಂದಿಟ್ಟಳು. ನೆವಿಲ್ ಉಸಿರು ಹಿಡಿದ, ಊದಿದ. ಯಂತ್ರದಲ್ಲಿ ಹನ್ನೆರಡು ಎಂದು ಬಂತು. ಕೆಂಪು.

“ಯಾವಾಗಿಂದ ಡಕ್?”

“ಸ್ವಲ್ಪ ದಿನ ಆಯ್ತು,” ಎಂದ ನೆವಿಲ್.

“ತಪ್ಪು ನಂದೇ. ಆಗಾಗ ಒಂದ್ ಫೋನ್ ಮಾಡ್ಬೇಕಿತ್ತು ನಿಂಗೆ. ಇವ್ನಿಗೇನಪ್ಪಾ, ಬಂಡೆ ಇದ್ದಂಗವ್ನೆ ಅಂದ್ಕೊಂಡ್ಬಿಟ್ಟೆ.” ಅವಳು ಅವನ ಕೈಮೇಲೆ ಕೈಯಿಟ್ಟಳು. “ನಾಚ್ಕೋಬೇಡ. ಸುಳ್ಳು ಹೇಳ್ದೆ ಬಂದು ಊದಿದ್ಯಲ್ಲ, ಅದೇ ದೊಡ್ಡದು.”

ನೆವಿಲನಿಗೆ ನೆಲ ಬಾಯ್ಬಿಡಬಾರದೇ ಎನಿಸಿತು. ನಿಜ ಹೇಳಿಬಿಡೋಣವೆಂದು ಬಾಯಿ ತೆರೆದ. ಆದರೆ ಸೋತು ಬಂದವನ ಮೇಲೆ ಅವಳಿಗೆ ಕರುಣೆಯಿತ್ತು. ಮೂವತ್ತೈದು ಪೌಂಡಿಗಾಗಿ ಅವಳ ಯಂತ್ರಕ್ಕೇ ಮೋಸ ಮಾಡಿದವನ ಮೇಲೆ ಏನಿರುತ್ತದೆ? ಬಾಯಿ ಮುಚ್ಚಿದ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ, ಇವನು ಆನೆ ಕೊಡುವ ಕುಳವೂ ಅಲ್ಲ.

“ಆ ಕಾರ್ಡ್ ತೆಗೆದ್ಬಿಡಿ ಗ್ಲೆನಿಸ್,” ಎಂದ.

“ಯಾಕೆ ತೆಗೀಲಿ? ಬಂದೋರಿಗೆಲ್ಲ ಅದನ್ನೇ ಓದಿ ಹೇಳ್ತೀನಿ. ಒಂದ್ಸಲ ಬಿಟ್ಟೋನು ಇನ್ನೊಂದ್ಸಲ ಬಿಡ್ತಾನೆ, ಬಿಡು.” ಹೊಸ ವೇಪಿನ ಡಬ್ಬಿ, ರಸದ ಸೀಸೆಗಳನ್ನು ಚೀಲಕ್ಕೆ ತುಂಬಿ ಕೊಟ್ಟಳು. ಒಂದು ಸೀಸೆ ಹೆಚ್ಚಿಗೇ ಹಾಕಿದಳು.

ಬಸ್ ಸ್ಟಾಪಿನ ಬೆಂಚಿನಲ್ಲಿ ಚೀಲ ತೊಡೆಯ ಮೇಲಿಟ್ಟು ಕೂತ. ಬಯಸಿದ್ದು ಸಿಕ್ಕಿತ್ತು. ಖುಷಿ ಮಾತ್ರ ಚಿಟಿಕೆಯಷ್ಟೂ ಇರಲಿಲ್ಲ. ಕೈ ತಾನಾಗಿ ಕೋಟಿನ ಜೇಬಿಗೆ ಹೋಯಿತು. ಕಡ್ಡಿ ಗೀರಿದ್ದು, ಎಳೆದದ್ದು ಅವನಿಗೆ ಗೊತ್ತಾಗಿದ್ದು ಅರ್ಧ ಸುಟ್ಟ ಮೇಲೆ. ಇದು ಯಾವ ಯಂತ್ರಕ್ಕೂ ಅಲ್ಲ. ಇದು ಅವನದೇ.

ಪಕ್ಕದಲ್ಲಿ ಯಾರೋ ಕೂತರು. ಗ್ಲೆನಿಸ್. ಮಧ್ಯಾಹ್ನದ ಊಟಕ್ಕೆ ಹೊರಟಿದ್ದಳು. ಸ್ಕೂಲ್ ಹುಡುಗನ ಹಾಗೆ ಸಿಗರೇಟನ್ನು ಅಂಗೈಯಲ್ಲಿ ಮುಚ್ಚಿಕೊಂಡ. ಅಂಗೈ ಸುಟ್ಟಿತು.

“ಸೇದಿ ಮುಗ್ಸು ಡಕ್, ನಾನೇನೂ ಅನ್ನಲ್ಲ.”

ಆ ಮಾತಿಗೆ ಅವನು ಒಡೆದುಹೋದ. “ಬೆಳಿಗ್ಗೆ ತನಕ ನಾನು ಸೇದ್ತಾ ಇರ್ಲಿಲ್ಲ ಗ್ಲೆನಿಸ್. ಮೂರು ವರ್ಷದಿಂದ ಒಂದೂ ಮುಟ್ಟಿರ್ಲಿಲ್ಲ. ಕೆಂಪು ಬರ್ಲಿ ಅಂತ ಸೇದಿದೆ. ಇದು ಪುಕ್ಕಟೆ ಸಿಗತ್ತಲ್ಲ, ಅದಕ್ಕೆ.” ಚೀಲ ತೋರಿಸಿದ. “ಆದ್ರೆ ಇದು ನಾಲ್ಕನೇದು. ಇದನ್ನ ಯಾಕೆ ಸೇದಿದೆ ಅಂತ ನಂಗೇ ಗೊತ್ತಿಲ್ಲ.”

ಬಸ್ಸೊಂದು ಬಂತು, ಹೋಯಿತು.

“ಮಾರ್ಲೀನ್‌ಗೆ ಗೊತ್ತಾ?” ಎಂದಳು ಗ್ಲೆನಿಸ್.

“ಇಲ್ಲ.”

“ಕೊಡು ಅದನ್ನ,” ಎಂದು ಕೈಚಾಚಿದಳು.

ನೆವಿಲ್ ಚೀಲ ಎತ್ತಿ ಅವಳ ಕೈಗಿಟ್ಟ. ಕೊಡುವಾಗ ಮನಸ್ಸು ಹಗುರಾಯಿತು, ಒಂದು ಕ್ಷಣ ತಾನು ಒಳ್ಳೆಯವನೇ ಎನಿಸಿತು. ಅವಳು ಚೀಲವನ್ನು ವಾಪಸ್ ಅವನ ತೊಡೆಯ ಮೇಲಿಟ್ಟಳು.

“ಇದಲ್ಲ ಕಣಪ್ಪ. ಇದು ಇನ್ನು ನಿಂಗೆ ಬೇಕಾಗತ್ತೆ. ಜೇಬಲ್ಲಿರೋದು ಕೊಡು.”

ಅವನು ಪ್ಯಾಕನ್ನು ಹೊರತೆಗೆದ. ಒಳಗೆ ಹದಿನಾರು ಉಳಿದಿದ್ದವು. ಗ್ಲೆನಿಸಳ ಬರಿಗೈ ಎದುರಿಗೇ ಇತ್ತು, ಅದರಾಚೆ ಕಸದ ಡಬ್ಬಿ. ಕೊಡಬೇಕು ಎಂದು ಅವನಿಗೆ ಗೊತ್ತಿತ್ತು. ಬೆರಳು ಬಿಚ್ಚಲಿಲ್ಲ.

“ದುಡ್ಡು ಕೊಟ್ಟಿದ್ದೀನಿ ಗ್ಲೆನಿಸ್,” ಎಂದ. ಹೇಳಿದ ಮೇಲೆ ಅವಳ ಮುಖ ನೋಡಲು ಅವನಿಂದ ಆಗಲಿಲ್ಲ.